ಹತ್ತು ಸೆಕೆಂಡಿನ ಒಡಪು

ಬಶಿಯಲ್ಲಿನ ಚಹಾದ ಮೇಲೆ ಕೆನೆ ಕಟ್ಟುತ್ತಿದೆ, ಊದಿದರೆ ಸುಕ್ಕಾಗಿ ಅಂಚಿಗೆ ಸರಿಯುತ್ತದೆ, ಮತ್ತೆ ಬಂದು ಮುಚ್ಚಿಕೊಳ್ಳುತ್ತದೆ, ಮಹಾನಂದಾ ಅದನ್ನೇ ನೋಡುತ್ತಾಳೆ, ಯಾಕೆಂದರೆ ತಲೆ ಎತ್ತಿದರೆ ಎದುರಿಗೆ ಮೋನಮ್ಮ ಕೂತಿದ್ದಾಳೆ, ಈಗಷ್ಟೇ ಒಂದು ಮಾತು ಕೇಳಿ ಕೂತಿದ್ದಾಳೆ, ಅಕ್ಕಾರ, ಅವತ್ತ ನಾ ಫೋನಿನ್ಯಾಗ ಅವ್ರ ಹೆಸರ ಹೇಳಿದ್ನಲ್ಲ, ಅದು ನಿಮಗ ಮುಟ್ಟ್ಯಾದೇನ್ರಿ — ಹೌದು ಅನ್ನಬೇಕು ಇಲ್ಲವೇ ಇಲ್ಲ ಅನ್ನಬೇಕು, ಎರಡರಲ್ಲಿ ಒಂದು, ಹೌದಾದರೆ ಒಂದು ಒತ್ತಿರಿ ಇಲ್ಲವಾದರೆ ಎರಡು ಒತ್ತಿರಿ ಎಂದು ದಿನಾ ನಲವತ್ತೊಂದು ಜನರಿಗೆ ಹೇಳುವ ಬಾಯಿ ಇದು, ಈಗ ಹೊಲಿದ ಹಾಗೆ ಕೂತಿದೆ. ಬಂದದ್ದು ಒಂದು ಕಾಗದಕ್ಕಾಗಿ, ಅಷ್ಟೇ, ಶಹಾಪುರದ ಚಟ ಬಿಡಿಸುವ ಕೇಂದ್ರದಲ್ಲಿ ಅವಳು ಕೌನ್ಸೆಲರ್, ಮೋನಮ್ಮನ ಗಂಡ ಮರಿಲಿಂಗ ಅವಳ ಯಾದಿಯಲ್ಲಿದ್ದವನು, ತೀರಿಹೋಗಿ ಹದಿನೇಳು ದಿನ, ತೀರಿದವರ ಹೆಸರು ಯಾದಿಯಿಂದ ತೆಗೆಯಲು ಮನೆಯವರ ಹೆಬ್ಬೆಟ್ಟು ಬೇಕು, ಒತ್ತಿಸಿಕೊಂಡು ಎರಡು ಗಂಟೆಯ ಬಸ್ಸಿಗೆ ಕಕ್ಕೇರಾ ಬಿಟ್ಟರೆ ಹೊತ್ತು ಮುಳುಗುವುದರೊಳಗೆ ಮನೆ, ಹಾಗೆಂದುಕೊಂಡೇ ಬಂದಿದ್ದಳು, ಚಹಾ ಬೇಡ ಅಂದರೂ ಕೇಳದೆ ಮೋನಮ್ಮ ಒಲೆ ಹಚ್ಚಿದಳು, ಸಾವಿನ ಮನೆಯ ಚಹಾ ಬೇಡ ಅನ್ನಬಾರದು.

ಯಾದಿಯಲ್ಲಿ ಮರಿಲಿಂಗ ಇನ್ನೂ ಬದುಕಿದ್ದಾನೆ, ಅದೇ ತಾನೆ ಅವಳನ್ನು ಇಲ್ಲಿಗೆ ಎಳೆದು ತಂದದ್ದು. ಚಟ ಬಿಡಿಸುವ ಗುಳಿಗೆ ನೆನಪಿಸಲು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರ ಫೋನಿಗೂ ಕರೆ ಹೋಗುತ್ತದೆ, ಮಾಡುವುದು ಯಂತ್ರ, ದನಿ ಮಾತ್ರ ಮಹಾನಂದಾಳದು, ಯಾದಗಿರಿಯ ಆಫೀಸಿನ ಒಂದು ಕೋಣೆಯಲ್ಲಿ ಫ್ಯಾನು ಬಂದ್ ಮಾಡಿ ಬೆವರುತ್ತ ಕೂತು ಹೇಳಿದ್ದು, ನಮಸ್ಕಾರ್ರಿ, ಇವತ್ತಿನ ಗುಳಿಗಿ ನಾಲಿಗಿ ಬುಡಕ ಇಟ್ಟೀರೇನ್ರಿ, ಇಟ್ಟಿದ್ರ ಒಂದು ಒತ್ರಿ, ಒತ್ತಿದರೆ ಅದೇ ದನಿ ಭಾಳ ಚೊಲೊ ಆತು, ನಾಳಿ ಮತ್ತ ಮಾತಾಡೋಣು ಅನ್ನುತ್ತದೆ, ಅವಳ ಮೊಬೈಲಿನಲ್ಲಿ ಆ ಹೆಸರಿನ ಮುಂದೆ ಹಸಿರು ಚುಕ್ಕೆ ಮೂಡುತ್ತದೆ. ಮರಿಲಿಂಗನ ಮುಂದೆ ಎಪ್ಪತ್ತೆರಡು ಹಸಿರು ಚುಕ್ಕೆ, ಒಂದೂ ತಪ್ಪಿರಲಿಲ್ಲ, ಹತ್ತಿ ಮಿಲ್ಲಿನ ಹಮಾಲ, ಸೊಂಟದ ಮೇಲೆ ಹತ್ತಿ ತುಂಬಿದ ಅಂಡಿಗೆ ಬಿದ್ದು ನೋವಿನ ಗುಳಿಗೆ ಹಿಡಿದವನು, ನೋವು ಹೋಯಿತು ಗುಳಿಗೆ ಹೋಗಲಿಲ್ಲ, ಒಂದು ನಾಲ್ಕಾಗಿ ಹತ್ತಾಗಿ ಕೊನೆಗೆ ಸೂಜಿ, ಆದರೂ ತಾನಾಗಿಯೇ ನಡೆದು ಕೇಂದ್ರಕ್ಕೆ ಬಂದ ಗಂಡಸು, ಬಂದು ಕೂತು ನಕ್ಕಿದ್ದ, ಅಕ್ಕಾರ, ನನ್ನ ಹೇಂತಿಕಿಂತಾ ನೀವ ನನ್ನ ಹೆಚ್ಚಿಗಿ ಕೇಳ್ತೀರಿ ನೋಡ್ರಿ, ಅದಕ್ಕೆ ಸೆರಗು ಬಾಯಿಗೆ ಅಡ್ಡ ಹಿಡಿದು ಹಿಂದೆ ನಿಂತಿದ್ದ ಮೋನಮ್ಮ ಕಣ್ಣಲ್ಲೇ ನಕ್ಕಿದ್ದಳು. ಎಪ್ಪತ್ತೆರಡನೆಯ ದಿನ ಅವನು ಸತ್ತ, ಎಪ್ಪತ್ತಮೂರನೆಯ ದಿನವೂ ಚುಕ್ಕೆ ಹಸಿರಾಗಿತ್ತು, ಅದರ ಮರುದಿನವೂ, ಸತ್ತವನು ದಿನಾ ಒಂಬತ್ತಕ್ಕೆ ಎದ್ದು ನಾಲಗೆಯ ಕೆಳಗೆ ಗುಳಿಗೆ ಇಡುತ್ತಿದ್ದಾನೆ. ಒತ್ತಿದವಳು ಮೋನಮ್ಮ. ಈಗ ಹೇಳುತ್ತಾಳೆ, ನಿಮ್ಮ ದನಿ ಬರ್ತಾದ್ರಿ, ಸುಮ್ಮ ಹೆಂಗ ಇರ್ಲಿ, ಒಂದು ಒತ್ತಿದ್ರ ಭಾಳ ಚೊಲೊ ಆತು ಅಂತೀರಿ, ಈ ಮನ್ಯಾಗ ಹಂಗ ಅನ್ನೋರು ಯಾರೂ ಇಲ್ರಿ.

ಹಾಗೆ ಅನ್ನುವವರು ಯಾರೂ ಇಲ್ಲ, ಅನ್ನುವವಳು ಒಬ್ಬಳು ಒಳಗೆ ಮಲಗಿದ್ದಾಳೆ, ಅತ್ತೆ, ಗೋಡೆಯ ಆಚೆಯಿಂದ ಕೆಮ್ಮು ಕೇಳುತ್ತಿದೆ, ಅನ್ನುವುದು ಬೇರೆಯೇ, ಬಾಯಿಬಿಟ್ಟು ಹೆಸರ ಹೇಳಿ ಗಂಡನ್ನ ತಿಂದಿ ಅಂತ, ಕಾಯಿಪಲ್ಲೆ ಮಾರುವವಳ ಮುಂದೆಯೂ ಅದನ್ನೇ ಹೇಳಿದ್ದಾಳಂತೆ. ಗಂಡನ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆ, ಇದನ್ನು ಮಹಾನಂದಾಳಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ, ಶಿರವಾಳದಲ್ಲಿ ಅವಳವ್ವ ಬದುಕಿನುದ್ದಕ್ಕೂ ಅಪ್ಪನ ಹೆಸರು ಹೇಳದೆ ಹೋದವಳು, ರೇಶನ್ನಿಗೆ ಹೋದರೆ, ದವಾಖಾನೆಗೆ ಹೋದರೆ, ಬ್ಯಾಂಕಿನ ಕಿಟಕಿಯ ಮುಂದೆ ನಿಂತರೆ, ಗಂಡನ ಹೆಸರು ಅಂದ ಕೂಡಲೇ ಆರು ವರ್ಷದ ಮಹಾನಂದಾಳ ಬೆನ್ನಿಗೆ ಕೈ ಹಾಕಿ ಮುಂದೆ ದೂಡುತ್ತಿದ್ದಳು, ಹೇಳವ್ವ, ನಿಮ್ಮಪ್ಪನ ಹೆಸರ ಹೇಳು, ಅವಳು ಕತ್ತು ಎತ್ತಿ ಕಿಟಕಿಗೆ ಹೇಳುತ್ತಿದ್ದಳು, ಗುಮಾಸ್ತ ನಗುತ್ತಿದ್ದ, ಸಾಲೆ ತಪ್ಪಿಸಿ ಕರೆದುಕೊಂಡು ಹೋಗುತ್ತಿದ್ದುದೇ ಅದಕ್ಕೆ. ಅವ್ವನ ಬಾಯಿಯಾಗಿದ್ದವಳು. ಅಂಥವಳು ದೊಡ್ಡವಳಾಗಿ ಕಲಿತು ನೌಕರಿ ಹಿಡಿದು ಯಂತ್ರಕ್ಕೆ ಏನು ಹೇಳಿಕೊಟ್ಟಳು, ಮೊದಲ ಹೆಸರ ಹೇಳ್ರಿ.

ಹೇಳಿಕೊಡಲು ಕಾರಣ ಇತ್ತು, ಇಲ್ಲದೆ ಇರಲಿಲ್ಲ, ಈಗ ಆ ಕಾರಣ ತೊಗೊಂಡು ಏನು ಮಾಡುವುದು, ಕೆಟ್ಟ ಮೇಲೆ ಬುದ್ಧಿ ಬಂತು ಅಟ್ಟ ಮೇಲೆ ಒಲೆ ಉರಿಯಿತು. ಜೀವಕ್ಕೆ ತ್ರಾಸಾದರೆ ಫೋನು ಹಚ್ಚಲಿಕ್ಕೆಂದು ಬೇರೆ ನಂಬರು, ಅದಕ್ಕೆ ಹಗಲೆಲ್ಲ ಪುಂಡರ ಕರೆ, ಕುಡಿದವರ ಕರೆ, ಸುಮ್ಮನೆ ಉಸಿರುಬಿಟ್ಟು ಇಡುವವರ ಕರೆ, ನಿಜವಾದ ಕರೆಗೆ ಜಾಗವೇ ಇಲ್ಲ, ಆಫೀಸಿನ ಹುಡುಗಿ ಅಂಜುಮ್ ಕಂಪ್ಯೂಟರಿನ ಮುಂದೆ ಕೂತು ಕೇಳಿದ್ದಳು, ಮೇಡಂ, ಪೇಶೆಂಟ್ ಹೆಸರು ಹೇಳದಿದ್ದರ ಕಟ್ ಮಾಡಸ್ಲೇನ್ರಿ, ಮಾಡಸು ಅಂದಳು, ಎಷ್ಟು ಸೆಕೆಂಡ್ ಕೊಡ್ಲ್ರಿ, ಹತ್ತು ಸಾಕು, ಒಂದು ಹೆಸರ ಹೇಳಾಕ ಎಷ್ಟೊತ್ತು ಬೇಕವಾ. ನಕ್ಕಿದ್ದಳು ಕೂಡ. ಊರೂರಿಗೆ ಹೋಗಿ ಹೇಳಿ ಬಂದಳು, ಕಕ್ಕೇರಾಕ್ಕೂ ಬಂದು ಇದೇ ಅಂಗಳದಲ್ಲಿ ನಿಂತು ಹೇಳಿದ್ದಳು, ಪೊಲೀಸರಿಗೆ ಗೊತ್ತಾಗ್ತದಂತ ಹೆದರಿ ಕುಂದ್ರಬ್ಯಾಡ್ರಿ, ತುಟಿ ನೀಲಿ ಆದ್ರ, ಉಸುರ ಸಣ್ಣಾದ್ರ ಈ ನಂಬರಿಗೆ ಹಚ್ರಿ, ಹೆಸರ ಹೇಳ್ರಿ, ಹೆಸರ ಹೇಳಿದ್ರ ಸಾಕು, ಉಸುರ ತಿರುಗಸೋ ಇಂಜೆಕ್ಷನ್ ತೊಗೊಂಡು ನಾವ ಓಡಿ ಬರ್ತೀವಿ. ಮೋನಮ್ಮ ತಲೆಯಾಡಿಸಿದ್ದಳು, ಆ ತಲೆಯಾಡಿಸುವುದನ್ನು ನೋಡಿಯೂ ಏನೂ ಹೊಳೆಯಲಿಲ್ಲ, ಹೆಸರು ಯಾರು ಹೇಳುತ್ತಾರೆ, ಈ ಮನೆಯಲ್ಲಿ ಹೆಸರು ಹೇಳುವುದು ಮಗಳು, ಮಗಳು ಹಗಲು ಸಾಲೆಗೆ ಹೋಗುತ್ತಾಳೆ, ಅತ್ತೆ ಹಾಸಿಗೆ ಬಿಟ್ಟು ಏಳಲಾರಳು.

ಅವತ್ತು ಹಗಲು. ಎಪ್ಪತ್ತೆರಡನೆಯ ಬೆಳಿಗ್ಗೆ ಮರಿಲಿಂಗ ಒಂದು ಒತ್ತಿ ಹೊರಗೆ ಹೋದವನು, ಹಳೆಯ ಗೆಳೆಯ ಸಿಕ್ಕನೋ, ಸೊಂಟ ಮತ್ತೆ ಹಿಡಿಯಿತೋ, ಹಳೆಯ ಅಳತೆಯಲ್ಲೇ ಸೂಜಿ ಚುಚ್ಚಿಕೊಂಡು ಬಂದು ಗೋಡೆಗೆ ಒರಗಿದ, ಎರಡೂವರೆ ತಿಂಗಳಿಂದ ಆ ಅಳತೆ ಮರೆತ ಮೈ, ತಡೆಯಲಿಲ್ಲ. ಅವನ ಫೋನು ಅವನ ಬೆರಳಿಗೆ ಮಾತ್ರ ತೆರೆಯುತ್ತದೆ, ಕರೆ ಬಂದರೆ ಎತ್ತಬಹುದು, ತಾನಾಗಿ ಹಚ್ಚಲು ಮೋನಮ್ಮನಿಗೆ ಬರದು, ಪಕ್ಕದ ಮನೆಯ ತಸ್ಲೀಮಾ ತನ್ನ ಫೋನಿನಿಂದ ನಂಬರು ಹಚ್ಚಿ, ಮೋನಮ್ಮನ ಕೈಗೆ ಕೊಟ್ಟು, ತಾನು ಗಾಡಿ ಹುಡುಕಲು ರಸ್ತೆಗೆ ಓಡಿದಳು, ತಸ್ಲೀಮಾ ಒಂದು ಗಳಿಗೆ ನಿಂತಿದ್ದರೆ ಅವಳೇ ಹೆಸರು ಹೇಳುತ್ತಿದ್ದಳು, ಓಡಿದ್ದೂ ತಪ್ಪಲ್ಲ. ಶಹಾಪುರದಲ್ಲಿ ಮಹಾನಂದಾಳ ಮೊಬೈಲು ಟುಂಯ್ ಅಂದಿತು, ಹೆಸರಿಲ್ಲದ ಕರೆಯ ರೆಕಾರ್ಡಿಂಗ್, ಗೊತ್ತಿಲ್ಲದ ನಂಬರು, ಕಿವಿಗೆ ಹಿಡಿದಳು, ಮೊದಲು ತನ್ನದೇ ದನಿ, ಪೇಶೆಂಟ್ ಹೆಸರ ಹೇಳ್ರಿ, ಆಮೇಲೆ ಉಸಿರು, ಎರಡು ಸೆಕೆಂಡು ಬರೀ ಉಸಿರು, ಆಮೇಲೆ ಒಬ್ಬ ಹೆಂಗಸು, ನಡುಗುವ ದನಿ, ಅಳುತ್ತಿದ್ದಾಳೋ ಹಾಡುತ್ತಿದ್ದಾಳೋ ತಿಳಿಯದ ಹಾಗೆ,

ಹೊಸಾ ಸೀರಿ ಉಡಿಯಾಗ ಹಿಡಿ ಹಿಡಿ ಮಲ್ಲಿಗಿ,
ಬಿಸಲಾಗ ನಡದ ಬಂದೀನಿ ಅತ್ತಿ ಮನಿ ಹೊಸ್ತಲಿಗಿ,
ಬಾಗಲಾಗ ನಿಂದ್ರಸಬ್ಯಾಡ್ರಿ, ಹೇಳ್ತೀನಿ ಕೇಳ್ರಿ —

ಕಟ್. ಹತ್ತು ಸೆಕೆಂಡು ಮುಗಿದಿತ್ತು.

ಒಡಪು. ಮದುವೆಯಾಗಿ ಬಂದ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಅನ್ನುತ್ತಾರಲ್ಲ, ಆಗ ಹೇಳುವ ಒಡಪು, ಹೆಂಗಸೊಬ್ಬಳು ಗಂಡನ ಹೆಸರನ್ನು ಬಾಯಿಂದ ತೆಗೆಯಲು ಇರುವ ಒಂದೇ ದಾರಿ, ಹೂವು ಸೀರೆ ಹೊಸ್ತಿಲು ಎಲ್ಲ ಸುತ್ತಿ ಕೊನೆಗೆ ಹೆಸರು, ಹಾಗೆ ಸುತ್ತಿ ಕೊಟ್ಟರೆ ದೋಷ ಇಲ್ಲ, ಮೋನಮ್ಮ ಎಷ್ಟು ಯೋಚಿಸಿರಬೇಕು ಆ ಎರಡು ಸೆಕೆಂಡು, ಮಡಿಲಲ್ಲಿ ಗಂಡನ ತಲೆ, ನೀಲಿ ತುಟಿ, ಹೆಸರು ಹೇಳದಿದ್ದರೆ ಅಕ್ಕಾರು ಬರುವುದಿಲ್ಲ, ಹೇಳಿದರೆ ಇವರು ಉಳಿಯುವುದಿಲ್ಲ, ಕೊನೆಗೆ ಮದುವೆಯ ದಿನದ್ದನ್ನೇ ಹುಡುಕಿ ತೆಗೆದಳು. ಮಹಾನಂದಾ ಆ ನಂಬರಿಗೆ ಹಚ್ಚಿದಳು, ಗಾಡಿಯವರಿಗೆ ಹಚ್ಚಲೆಂದು ತಸ್ಲೀಮಾ ಓಡಿಬಂದು ಫೋನು ಇಸಿದುಕೊಂಡು ಹೋಗಿದ್ದಳು, ರಸ್ತೆಯಲ್ಲಿ ಟಂಟಂ ಆಟೊಗಳಿಗೆ ಕೈ ಅಡ್ಡ ಹಿಡಿಯುತ್ತ ಓಡುತ್ತಿದ್ದಳು, ಕೇಳಿಸಲಿಲ್ಲ. ಮತ್ತೆ ಯಾದಿ ತೆಗೆದು ಒಂದೊಂದೇ ನಂಬರಿಗೆ, ಅಕ್ಷರದ ಸಾಲಿನಂತೆ, ಅ ದಿಂದ, ನಿಮ್ಮ ಮನ್ಯಾಗ ಎಲ್ಲಾರೂ ಆರಾಮ ಅದೀರೇನ್ರಿ, ಎತ್ತದವರಿಗೆ ಮತ್ತೊಮ್ಮೆ, ಗುರುಮಠಕಲ್ಲಿನವನು ತೆಲುಗಿನಲ್ಲಿ ಮಾತು ಬೆಳೆಸಿದ, ಇನ್ನೊಬ್ಬ ಎದ್ದೇ ಇರಲಿಲ್ಲ, ಮ ಎಷ್ಟು ಹಿಂದೆ ಇದೆ ಸಾಲಿನಲ್ಲಿ, ಮರಿಲಿಂಗ ಮೂವತ್ತಮೂರನೆಯವನು, ಐವತ್ತೈದು ನಿಮಿಷ ಆಗಿತ್ತು, ಆ ಕಡೆ ಎತ್ತಿದವಳು ಮೋನಮ್ಮ, ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ, ಬಂದ್ರೇನ್ರಿ ಅಕ್ಕಾರ, ದಾರಿ ಸಿಕ್ತೇನ್ರಿ, ಊರ ಅಗಸಿ ದಾಟಿ ಎಡಕ್ಕ ಬರ್ರಿ. ಹೆಸರು ಹೇಳಿ ಆಗಿದೆ, ಬರುತ್ತಾರೆ ಎಂದು ಕಾಯುತ್ತಿದ್ದಳು, ಅಷ್ಟೂ ಹೊತ್ತು ತಣ್ಣಗಾಗುತ್ತಿದ್ದ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದಳು.

ಈಗ ಅವಳು ಕೇಳಿದ್ದು ಅದನ್ನೇ, ಮುಟ್ಟ್ಯಾದೇನ್ರಿ. ಮುಟ್ಟಿದೆ ಅಂದರೆ, ಹೆಸರು ಮುಟ್ಟಿತ್ತು ನಾವೇ ತಡವಾಗಿ ಬಂದೆವು ಅಂದರೆ, ಒಳಗೆ ಕೆಮ್ಮುವ ಮುದುಕಿಯ ಮಾತು ಗಟ್ಟಿಯಾಗುತ್ತದೆ, ಹೇಳಿದಳು ಸತ್ತ. ಮುಟ್ಟಿಲ್ಲ ಅಂದರೆ, ನೇರವಾಗಿ ಹೇಳಿದ್ದರೆ ಬದುಕುತ್ತಿದ್ದನೇ ಎಂದು ಇವಳು ಸಾಯುವ ತನಕ ಗೋಡೆ ನೋಡುತ್ತ ಕೂರುತ್ತಾಳೆ. ಯಾವುದನ್ನು ಕೊಡುವುದು, ಎರಡೂ ವಿಷವೇ, ಆಫೀಸಿನವರು ಹೇಳಿ ಕಳಿಸಿದ್ದು ಏನೂ ಹೇಳಬೇಡಿ, ಹೆಬ್ಬೆಟ್ಟು ಒತ್ತಿಸಿಕೊಂಡು ಬನ್ನಿ, ರೆಕಾರ್ಡಿಂಗ್ ಅಳಿಸಿಬಿಡಿ. ಅಳಿಸಿಲ್ಲ. ದಿನಾ ಕೇಳುತ್ತಾಳೆ, ಬಸ್ಸಿನಲ್ಲಿ, ರೊಟ್ಟಿ ಬಡಿಯುವಾಗ, ಈಗಲೂ ಚೀಲದಲ್ಲಿ ಆ ಫೋನು ಇದೆ, ಹೊಸಾ ಸೀರಿ ಉಡಿಯಾಗ. ಚಹಾ ಆರಿಹೋಗಿದೆ. ಬಶಿ ಕೆಳಗಿಟ್ಟಳು. ಹೇಳಿಬಿಡಬೇಕು, ಹೇಳಿದ ಮೇಲೆ ಅವಳು ಕಲ್ಲು ಎತ್ತಿ ಹಾಕಿದರೂ ಸರಿ, ಹಾಕಲಿ, ಹಾಕಿದರೆ ಜೀವ ಹಗುರಾದರೂ ಆದೀತು.

"ಮುಟ್ಟಲಿಲ್ಲ ಮೋನಮ್ಮ," ಅಂದಳು. "ನಿನ್ನ ಬಾಯಾಗ ಹೆಸರ ಬರೂದ್ರಾಗ ಫೋನ್ ಕಡೀತು. ಹತ್ತು ಸೆಕೆಂಡಿಗಿ ಕಡೀ ಅಂತ ಹೇಳಿದಾಕಿ ನಾನ. ತಪ್ಪು ನಂದದ, ನಿಂದಲ್ಲ."

ಮೋನಮ್ಮ ಬೆರಳಿನಿಂದ ಮಣ್ಣಿನಲ್ಲಿ ಏನೋ ಗೀರಿದಳು, ಅಳಿಸಿದಳು.

"ಹಂಗಾರ ಯಾರೂ ಕೇಳಿಲ್ಲೇನ್ರಿ?"

"ಯಾರೂ ಕೇಳಿಲ್ಲವ್ವ."

"ಅವ್ರೂ ಕಣ್ಣ ಮುಚ್ಚಿದ್ರು. ಅವ್ರಿಗೂ ಕೇಳಿಲ್ಲ." ಮುಖ ಎತ್ತಿದಳು, ಹದಿನೇಳು ದಿನದಲ್ಲಿ ಮೊದಲ ಸಲ ಹೆಗಲು ಕೆಳಗಿಳಿದವು. "ಹಂಗಾರ ನಾ ಹೇಳಿಲ್ಲ ಬಿಡ್ರಿ ಅಕ್ಕಾರ." ಅತ್ತೆಯ ಗೋಡೆಯ ಕಡೆ ತಿರುಗಿದಳು. "ಯವ್ವಾ, ಕೇಳಿದೇನ, ನಾ ಹೇಳೇ ಇಲ್ಲಂತ." ಒಳಗಿನ ಕೆಮ್ಮು ನಿಂತಿತು.

ಬೈಯಲಿಲ್ಲ. ಕಲ್ಲು ಎತ್ತಲಿಲ್ಲ. ಹೆಬ್ಬೆರಳು ಮುಂದೆ ಚಾಚಿದಳು, ಮಸಿ ಹಚ್ಚ್ರಿ ಅಂದಳು, ಮಹಾನಂದಾ ಆ ಬೆರಳು ಹಿಡಿದು ಕಾಗದದ ಮೇಲೆ ಒತ್ತಿದಳು, ಬೆಚ್ಚಗಿತ್ತು, ಮೋನಮ್ಮ ಎದ್ದು ಕೈ ತೊಳೆಯಲು ಹೋದಳು, ಹೋಗುವ ನಡಿಗೆಯೇ ಬೇರೆ, ಹೊರೆ ಇಳಿಸಿದಳು, ಇಳಿಸಿದ್ದು ಎಲ್ಲಿಗೆ ಬಂತು, ಕಾಗದ ಚೀಲಕ್ಕೆ ಹಾಕಬೇಕು, ಬಸ್ಸು ಎರಡಕ್ಕೆ, ಅವಳು ಹೇಳಿಲ್ಲ, ಯಾರೂ ಕೇಳಿಲ್ಲ, ಹಾಗಾದರೆ ಬಾಗಿಲಿಗೆ ಅಡ್ಡ ನಿಂತವಳು ತಾನೊಬ್ಬಳೇ ಉಳಿದಳು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಅಂದವಳು, ನಾದಿನಿಯರಾದರೂ ನಕ್ಕು ಸರಿದು ದಾರಿ ಬಿಡುತ್ತಾರೆ, ಎದ್ದು ಬಸ್ಸಿಗೆ ಹೋಗಬೇಕು, ಬಾಗಿಲ ಕಡೆ ತಿರುಗಿದಳು, ಹೊಸ್ತಿಲ ಹೊರಗೆ ಬಿಸಿಲಿನಲ್ಲಿ ಹೊಸ ಸೀರೆಯ ಒಬ್ಬ ಹೆಣ್ಣು, ತೆರೆದ ಬಾಯಿ, ಹೇಳ್ತೀನಿ ಕೇಳ್ರಿ — ತೆರೆದ ಬಾಯಿ, ಹೇಳ್ತೀನಿ ಕೇಳ್ರಿ — ತೆರೆದ ಬಾಯಿ