ನಡುಕವಿಲ್ಲದ ಕಾರು

ವೈಪರಿನ ಅಡಿ ಸಿಕ್ಕಿಕೊಂಡ ಒಣ ಎಲೆ ಇಂಜಿನ್ನಿನ ಜೊತೆ ತಾನೂ ನಡುಗುತ್ತಿದೆ, ಬೀಳುವುದೂ ಇಲ್ಲ, ಸುಮ್ಮನಾಗುವುದೂ ಇಲ್ಲ, ಇಳಿದು ಕಿತ್ತು ಬಿಸಾಡೋಣವೆಂದರೆ ಬಾಗಿಲು ತೆರೆದ ಕೂಡಲೇ ಒಳಗಿನ ದೀಪ ಹತ್ತುತ್ತದೆ, ದೀಪ ಹತ್ತಿದರೆ ಪಕ್ಕದ ಸೀಟಿನಲ್ಲಿ ಈಗಷ್ಟೇ ರೆಪ್ಪೆ ಭಾರವಾಗುತ್ತಿರುವ ಅಪ್ಪ ಎಚ್ಚರಾಗುತ್ತಾನೆ, ಎಚ್ಚರಾದರೆ ಮತ್ತೆ ಮೊದಲಿನಿಂದ ಅದೇ ಪುರಾಣ, ಡ್ಯೂಟಿಗೆ ಹೊತ್ತಾಯ್ತು, ಕೀ ಎಲ್ಲಿ ಬಚ್ಚಿಟ್ಟಿದ್ದೀಯೋ, ನಿಮ್ಮಮ್ಮ ಬಾಗಿಲಲ್ಲೇ ಕಾಯ್ತಿರ್ತಾಳೆ — ಅಮ್ಮ ಹೋಗಿ ಎಷ್ಟೋ ಕಾಲವಾಯಿತು, ಅಪ್ಪನ ಪಾಲಿಗೆ ಅವಳಿನ್ನೂ ಬಾಗಿಲಲ್ಲೇ ಇದ್ದಾಳೆ, ಇಲ್ಲವೆಂದು ಹೇಳಿದರೆ ಆಗಷ್ಟೇ ಸತ್ತಳೆಂಬಂತೆ ಬಿಕ್ಕಿ ಬಿಕ್ಕಿ ಅಳುತ್ತಾನೆ, ಅದಕ್ಕೇ ಅಕ್ಕ ಹೇಳಿದ್ದು, ಹೇಳ್ಬೇಡ ಕಣೋ, ಅವಳು ಅಲ್ಲೇ ಕಾಯ್ತಾ ಇರ್ಲಿ ಬಿಡು. ಇರಲಿ. ಎಲೆಯೂ ಇರಲಿ. ಹಗಲೆಲ್ಲ ಅಪ್ಪ ಮಗುವಿನ ಹಾಗೆ, ಕೊಟ್ಟದ್ದು ತಿಂದು ಕೂರಿಸಿದಲ್ಲಿ ಕೂರುವ ಮನುಷ್ಯ, ಬೆಳಕು ಇಳಿಯತೊಡಗಿದರೆ ಸಾಕು ಎಲ್ಲಿಂದಲೋ ಒಂದು ಚಡಪಡಿಕೆ ಬಂದು ಮೈಮೇಲೆ ಕೂರುತ್ತದೆ, ಚಪ್ಪಲಿ ಹುಡುಕುತ್ತಾನೆ, ಚಿಲಕ ತೆಗೆಯುತ್ತಾನೆ, ಒಮ್ಮೆ ಟ್ಯಾಕ್ಸಿ ಸ್ಟ್ಯಾಂಡಿನವರೆಗೆ ನಡೆದೇ ಹೋಗಿ ಯಾರದೋ ಗಾಡಿಯ ಬಾಗಿಲು ಜಗ್ಗುತ್ತಿದ್ದವನನ್ನು, ಪುಣ್ಯಕ್ಕೆ ಹಳಬನೊಬ್ಬ ಗುರುತು ಹಿಡಿದು, ಏಯ್ ಬಿಡ್ರೋ, ಇವನು ನಮ್ಮ ಹಾರ್ನಣ್ಣ, ಎಂದು ತಂದು ಬಿಟ್ಟ. ಜೀವಮಾನವಿಡೀ ಹಾರ್ನ್ ಮುಟ್ಟದೆ ಟ್ಯಾಕ್ಸಿ ಓಡಿಸಿದ್ದಕ್ಕೆ ಇಟ್ಟ ಹೆಸರು ಅದು. ಈಗ ಅಪ್ಪನನ್ನು ಸಮಾಧಾನ ಮಾಡುವ ಮದ್ದು ಒಂದೇ, ಈ ಹಳೆಯ ಡೀಸೆಲ್ ಕಾರು, ಸ್ಟ್ಯಾಂಡಿನವರ ಬಾಯಲ್ಲಿ ಮುದುಕಿ, ಮುದುಕಿಯನ್ನು ಗಲ್ಲಿಯಲ್ಲೇ ನಿಲ್ಲಿಸಿ ಇಂಜಿನ್ ಹಾಕಿ ಎಡಗಡೆ ಕೂರಿಸಿದರೆ ಅಪ್ಪ ಚಪ್ಪಲಿ ಬಿಟ್ಟು ಬರಿ ಅಂಗಾಲನ್ನು ನೆಲಕ್ಕೆ ಊರುತ್ತಾನೆ, ನಡುಕ ಅಂಗಾಲಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಸೊಂಟಕ್ಕೆ ಹತ್ತುತ್ತದೆ, ಹತ್ತುತ್ತ ಹತ್ತುತ್ತ ಮುಖ ಸಡಿಲವಾಗುತ್ತದೆ, ಗಲ್ಲ ಎದೆಗೆ ಬೀಳುತ್ತದೆ, ಆಮೇಲೆ ಅಕ್ಕನೂ ಸ್ಟೇರಿಂಗಿನ ಮುಂದೆ ಕೂತ ಅವನೂ ಸೇರಿ ಅಪ್ಪನನ್ನು ಎತ್ತಿಕೊಂಡು ಹೋಗಿ ಮಲಗಿಸುವುದು.

ಇನ್ನು ಅದೂ ಇಲ್ಲ. ಬರುವ ತಿಂಗಳಿಂದ ಇಂಥ ಹಳೆ ಡೀಸೆಲ್ ಗಾಡಿಗಳು ರಸ್ತೆಗೆ ಇಳಿಯುವ ಹಾಗಿಲ್ಲ, ಗುಜರಿಗೆ ಕೊಡಬೇಕು, ಕೊಟ್ಟ ಚೀಟಿ ತೋರಿಸಿದರೆ ಮಾತ್ರ ಕರೆಂಟಿನ ಕಾರಿಗೆ ರಿಯಾಯಿತಿ, ಯಾರು ಮಾಡಿದರೋ ಈ ಕಾನೂನು, ಏಸಿ ರೂಮಿನಲ್ಲಿ ಕೂತ ಪುಣ್ಯಾತ್ಮರು, ಅವರಿಗೆ ಹೊಗೆ ಕಾಣುತ್ತದೆ, ಹೊಗೆಯ ಒಳಗೆ ಕೂತವರು ಕಾಣುವುದಿಲ್ಲ, ಎಂದು ಬಾಯಿಗೆ ಬಂದಂತೆ ಬೈದದ್ದಾಯಿತು, ಬೈದರೆ ಯಾರಿಗೆ ಕೇಳುತ್ತದೆ, ಅಕ್ಕನಿಗೆ ಕೇಳುತ್ತದೆ ಅಷ್ಟೇ, ಅಕ್ಕ ಔಷಧಿ ಅಂಗಡಿಯ ಕೌಂಟರಿನಿಂದ ಬಂದವಳು ಕಾಲು ಚಾಚಿ ಕೂತು, ಬೈದು ಮುಗೀತಾ ಮಹಾರಾಯ, ಈಗ ಲೆಕ್ಕಕ್ಕೆ ಬರೋಣ್ವಾ, ಎಂಟನೇ ಕ್ಲಾಸಿನವರೆಗಾದ್ರೂ ಹೋಗಿದ್ದೀಯಲ್ಲ, ಎನ್ನುತ್ತಾಳೆ. ಲೆಕ್ಕ. ಕರೆಂಟಿನ ಕಾರಿಗೆ ಡೀಸೆಲ್ ಬೇಡ, ಆಯಿಲ್ ಬೇಡ, ಕ್ಲಚ್ಚೇ ಇಲ್ಲ, ದಿನವಿಡೀ ಕ್ಲಚ್ ತುಳಿದು ತುಳಿದು ಅಪ್ಪನದೇ ವಯಸ್ಸಾದಂತಿರುವ ಅವನ ಎಡ ಮೊಣಕಾಲಿಗೆ ಮುಕ್ತಿ, ಮುದುಕಿ ಕುಡಿಯುವುದರಲ್ಲಿ ಕಾಲು ಭಾಗ ಖರ್ಚಿಗೆ ಅಷ್ಟೇ ದೂರ ಓಡುತ್ತದೆ, ಪೇಟೆಯ ಒಳಗೆಲ್ಲ ಬಿಡುತ್ತಾರೆ, ಗಿರಾಕಿಗಳು ಮೂಗು ಮುಚ್ಚಿಕೊಂಡು ಹತ್ತುವುದಿಲ್ಲ. ಆ ಕಡೆಗೆ ನೋಡಿದರೆ ಕಂತು, ಗುಮ್ಮನ ಹಾಗೆ ಪ್ರತಿ ತಿಂಗಳೂ ಬಾಗಿಲಿಗೆ ಬರುವ ಕಂತು, ಆಮೇಲೆ ಚಾರ್ಜಿಂಗ್, ಮನೆಯೊಡೆಯ ಮೇಲಿನಿಂದ ವೈರು ಇಳಿಬಿಡಲು ಒಪ್ಪುವ ಆಸಾಮಿಯಲ್ಲ, ಬಟ್ಟೆ ಒಣಗುವ ಹಗ್ಗಕ್ಕೇ ತಗಾದೆ ತೆಗೆಯುವವನು, ಅಂದರೆ ಊರಾಚೆಯ ಚಾರ್ಜಿಂಗ್ ಕೇಂದ್ರದಲ್ಲಿ ಕ್ಯೂ, ದುಡಿಯುವ ಹೊತ್ತಿನಲ್ಲಿ ಗಾಡಿಗೆ ಹಾಲು ಕುಡಿಸುತ್ತ ಕೂರುವುದು, ಬ್ಯಾಟರಿ ಕೈಕೊಟ್ಟರೆ ಮುಗಿಯಿತು, ಅದರ ಬೆಲೆಗೆ ಇನ್ನೊಂದು ಮುದುಕಿಯೇ ಬರುತ್ತಾಳೆ. ಆದರೂ ತೂಗಿದರೆ ಯಾವ ಕಡೆ ಇಳಿಯುತ್ತದೆಂದು ಅವನಿಗೆ ಗೊತ್ತು, ಅಕ್ಕನಿಗೂ ಗೊತ್ತು, ಸ್ಟ್ಯಾಂಡಿನಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಬದಲಾಯಿಸಿ ಆಯಿತು, ಮುದುಕಿಯ ಎಡಕ್ಕೂ ಬಲಕ್ಕೂ ಈಗ ಸದ್ದಿಲ್ಲದೆ ಬಂದು ನಿಲ್ಲುವ ಬಿಳಿ ಗಾಡಿಗಳೇ. ಆದರೆ ಈ ನಡುಕವನ್ನು ಯಾವ ಕಡೆ ಬರೆದುಕೊಳ್ಳಬೇಕು, ಅಕ್ಕ? ಕೇಳಿದ. ಅಕ್ಕ ಕಾಲು ನೀವಿಕೊಂಡು ಎದ್ದು ಹೋಗಿ ಪಾತ್ರೆ ತೊಳೆದಳು, ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಳು.

ಪ್ರಯತ್ನ ಮಾಡಲಿಲ್ಲವೆಂದಲ್ಲ, ಮುದುಕಿಯ ಸದ್ದನ್ನು ಫೋನಿನಲ್ಲಿ ಹಿಡಿದು ಅಪ್ಪನ ದಿಂಬಿನಡಿ ಇಟ್ಟರು, ಅಪ್ಪ ದಿಂಬು ಎತ್ತಿ ನೋಡಿ ನಕ್ಕ, ಯಾರೋ ಇದು ಒಳಗೆ ಗಂಟಲು ಕೆರ್ಕೊಳ್ತಿರೋದು. ಬಟ್ಟೆ ಒಗೆಯುವ ಮೆಷೀನಿಗೆ ಒತ್ತಿ ಕುರ್ಚಿ ಹಾಕಿ ಕೂರಿಸಿದರು, ಅದು ಗರಗರ ತಿರುಗಿ ಕುಣಿಯತೊಡಗಿದಾಗ ಅಪ್ಪ ಅದರ ತಲೆ ಸವರಿ, ಪಾಪ, ಇದರ ಇಂಜಿನ್ ಮೌಂಟಿಂಗ್ ಹೋಗಿದೆ, ಇಂಥ ಗಾಡೀಲಿ ಜನ ಹತ್ತಿಸ್ಕೊಂಡು ಹೋದ್ರೆ ಪಾಪ ಬರುತ್ತೆ ಅಂದ, ಅಕ್ಕ ಗೋಡೆಗೆ ಒರಗಿ ನಕ್ಕಿದ್ದೇ ನಕ್ಕಿದ್ದು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಧಡ್ ಧಡ್ — ಈಗ ಮೇಲಿನ ಮನೆಯ ಕಿಟಕಿ ಬಡಿದು ಮಗುವಿನ ತಾಯಿ, ನೋಡಪ್ಪಾ, ಇವತ್ತೂ ಶುರು ಮಾಡಿದ್ಯಾ, ಮಗು ಕೆಮ್ಮಿ ಕೆಮ್ಮಿ ನೀಲಿಯಾಗ್ತಿದೆ, ನಿನ್ನ ಹೊಗೆಯೆಲ್ಲ ನಮ್ಮ ತೊಟ್ಟಿಲಿಗೇ ಬರೋದು. ಇನ್ನೊಂಚೂರು ಮೇಡಂ, ಅಪ್ಪ ಮಲಗೋ ಹೊತ್ತು. ನಿಮ್ಮಪ್ಪನ್ನ ಮಲಗಿಸೋಕೆ ನನ್ನ ಮಗು ಎದ್ದಿರ್ಬೇಕಾ? ಅವನಿಗೆ ಸಿಟ್ಟು ನೆತ್ತಿಗೇರುತ್ತದೆ, ಏರಿ ಅಲ್ಲಿ ಮಾಡಲು ಕೆಲಸವಿಲ್ಲದೆ ಹಾಗೇ ಇಳಿಯುತ್ತದೆ, ಯಾಕೆಂದರೆ ಅವಳು ಹೇಳುವುದು ಸುಳ್ಳಲ್ಲ, ಕೆಮ್ಮು ಅವನಿಗೂ ಕೇಳಿಸುತ್ತದೆ, ಇಂಜಿನ್ನಿನ ಸದ್ದಿನ ಸಂದಿಯಲ್ಲಿ, ಸಣ್ಣಗೆ, ಬೆಕ್ಕಿನ ಮರಿ ಸೀನಿದಂತೆ. ಈ ಹೊಗೆ. ಇದೇ ಹೊಗೆಯನ್ನು ಅವನು ಮುಖದ ತುಂಬ ಕುಡಿದು ಬೆಳೆದವನು, ಚಳಿಗಾಲದ ಬೆಳಗಿನಲ್ಲಿ ಮುದುಕಿ — ಆಗಿನ್ನೂ ಹರೆಯದವಳು, ಬ್ಯಾಟರಿ ಮಾತ್ರ ಹುಟ್ಟಾ ಸೋಮಾರಿ — ಎಷ್ಟು ತಿರುವಿದರೂ ಏಳುತ್ತಿರಲಿಲ್ಲ, ಅಪ್ಪ ಸ್ಟೇರಿಂಗಿನಲ್ಲಿ, ಅಕ್ಕನೂ ಅವನೂ ಹಿಂದೆ, ತಳ್ಳ್ರೋ ನನ್ನ ಎತ್ತುಗಳಾ, ಸೆಕೆಂಡ್ ಗೇರಿನಲ್ಲಿಟ್ಟು ಕ್ಲಚ್ ಒತ್ತಿ ಹಿಡಿದು ಉರುಳಿಸಿಕೊಂಡು ಹೋಗಿ ತಟ್ಟನೆ ಬಿಡುತ್ತಿದ್ದ, ಗಾಡಿ ಮುಗ್ಗರಿಸಿದಂತೆ ಜಗ್ಗಿ, ಕೆಮ್ಮಿ, ಹತ್ತಿಕೊಳ್ಳುತ್ತಿತ್ತು, ಹತ್ತಿಕೊಂಡಿತು ಎಂದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತಿತ್ತು, ಕಬ್ಬಿಣ ಕೈಯಡಿಯಲ್ಲಿ ಜೀವ ಬಂದು ಗುಡುಗುತ್ತಿತ್ತು, ಕರಿ ಹೊಗೆ ಮುಖಕ್ಕೆ, ಅಪ್ಪನ ಕೈ ಕಿಟಕಿಯ ಹೊರಗೆ ಬಂದು ಭೇಷ್ ಎಂದು ಬಾಗಿಲು ತಟ್ಟುತ್ತಿತ್ತು. ಶಾಲೆಗೆ ದಿನವೂ ತಡ. ಮಸಿ ಮುಖ ಹೊತ್ತುಕೊಂಡು ಬಂದೆಯಾ, ಹೊರಗೇ ನಿಲ್ಲು, ಎಂದರು ಮೇಷ್ಟ್ರು, ಅವನು ನಿಂತ, ಮಾರನೆಯ ದಿನವೂ ನಿಂತ, ಆಮೇಲೊಂದು ದಿನ ಹೊರಗೇ ನಿಲ್ಲುವುದಾದರೆ ಸ್ಟ್ಯಾಂಡಿನಲ್ಲಿ ನಿಂತರೇನಂತೆ ಎಂದು ಅಪ್ಪನ ಪಕ್ಕ ಹತ್ತಿ ಕೂತವನು ತಿರುಗಿ ಶಾಲೆಯ ಕಡೆ ಮುಖ ಹಾಕಲಿಲ್ಲ, ಅಪ್ಪ ಬೈಯಲಿಲ್ಲ, ಅದಕ್ಕೂ ಅವನಿಗೆ ಅಪ್ಪನ ಮೇಲೆ ಒಂದು ಸಿಟ್ಟಿದೆ, ಬೈಯಬೇಕಿತ್ತು, ಕಿವಿ ಹಿಂಡಿ ಎಳೆದುಕೊಂಡು ಹೋಗಿ ಬಿಡಬೇಕಿತ್ತು, ಈಗ ಆ ಸಿಟ್ಟನ್ನು ಯಾರ ಮುಂದೆ ಇಡುವುದು, ಈ ಗಲ್ಲ ಜೋತುಬಿದ್ದ ಮುಖದ ಮುಂದೆಯೋ.

ಇವತ್ತು ಮಧ್ಯಾಹ್ನ ಅಪ್ಪನನ್ನು ಕರೆದುಕೊಂಡು ಹೋಗಬಾರದಿತ್ತು. ಅಕ್ಕನಿಗೆ ಪಾಳಿ, ಮನೆಯಲ್ಲಿ ಒಬ್ಬನನ್ನೇ ಬಿಡುವಂತಿಲ್ಲ, ಸರಿ ನಡಿಯಪ್ಪ, ಹೊಸ ಗಾಡಿ ನೋಡೋಣ. ಶೋರೂಮಿನಲ್ಲಿ ನೆಲ ಕನ್ನಡಿಯ ಹಾಗೆ, ಅಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಟೈ ಕಟ್ಟಿದ ಹುಡುಗ, ಅವನದೇ ವಯಸ್ಸು, ಸಾರ್ ಸಾರ್ ಎಂದು ಬಾಯಲ್ಲಿ ಜೇನು ಸುರಿಸುತ್ತ ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಓಡಿಸಿ ನೋಡಿ ಸಾರ್, ಸದ್ದೇ ಇಲ್ಲ, ಒಂದು ಲೋಟ ನೀರು ಇಟ್ರೂ ತುಳುಕಲ್ಲ. ನಿಜವೇ, ತುಳುಕಲಿಲ್ಲ. ಪೆಡಲು ಮುಟ್ಟಿದರೆ ಸಾಕು ಎಣ್ಣೆಯ ಮೇಲೆ ಜಾರಿದ ಹಾಗೆ ಹೋಯಿತು, ಎಡಗಾಲಿಗೆ ಕೆಲಸವೇ ಇಲ್ಲ, ಅವನ ಮೈ ಹಗುರಾಯಿತು, ಹೌದು, ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಒಂದು ಗಳಿಗೆ ಅವನಿಗೆ ಅಪ್ಪ ಪಕ್ಕದಲ್ಲಿರುವುದೂ ಮರೆತು ಸುಖವೆನಿಸಿಬಿಟ್ಟಿತು. ಅಪ್ಪ ಮಾತ್ರ ಅಂಗಾಲನ್ನು ಅಲ್ಲಿ ಊರಿ, ಇಲ್ಲಿ ಊರಿ, ಏನನ್ನೋ ಹುಡುಕುತ್ತಿದ್ದ. ಹೊರಡೋದಿಲ್ವೇನೋ? ಹೊರಟಾಯ್ತಪ್ಪ, ನೋಡು, ಅಂಗಡಿಗಳು ಹಿಂದೆ ಹೋಗ್ತಿಲ್ವಾ. ಇಳಿಜಾರಿರ್ಬೇಕು, ಉರುಳ್ತಿದೆ ಅಷ್ಟೆ, ಇಂಜಿನ್ ಸತ್ತಿದೆ ಕಣೋ, ಸೈಡಿಗೆ ಹಾಕು, ಬ್ರೇಕ್ ಹಿಡಿಯಲ್ಲ ಆಮೇಲೆ. ಹಿಂದಿನಿಂದ ಟೈ ನಕ್ಕ, ಅಂಕಲ್, ಇದರಲ್ಲಿ ಇಂಜಿನ್ನೇ ಇಲ್ಲ. ಅಪ್ಪ ತಿರುಗಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ನಿನ್ನ ತಲೇಲೂ ಇಲ್ಲ ಅಂದ, ಸ್ಟೇರಿಂಗಿನಲ್ಲಿದ್ದ ಅವನಿಗೂ ನಗು ತಡೆಯಲಾಗಲಿಲ್ಲ, ಅಷ್ಟರಲ್ಲಿ ಕೆಂಪು ದೀಪ ಬಿತ್ತು, ಗಾಡಿ ನಿಂತಿತು, ನಿಂತಾಗ ಹೊಸ ಕಾರಿನಲ್ಲಿ ಉಳಿದದ್ದು ಮೂರು ಜನರ ಉಸಿರು ಮಾತ್ರ, ಆ ಮೌನ ಅಪ್ಪನಿಗೆ ಏನೆಂದು ಕೇಳಿಸಿತೋ, ಬಾಗಿಲು ತೆರೆದ, ಬರಿಗಾಲಿನಲ್ಲಿ ಇಳಿದೇಬಿಟ್ಟ. ಅಪ್ಪಾ! ಅಪ್ಪ ಕಾರಿನ ಹಿಂದೆ ಹೋದ. ಬಗ್ಗಿದ. ಸೆಕೆಂಡ್ ಗೇರಲ್ಲಿಟ್ಕೋ, ನಾನು ತಳ್ತೀನಿ, ಹೇಳ್ದಾಗ ಕ್ಲಚ್ ಬಿಡು, ಏಯ್ ಟೈ, ಇಳಿದು ಕೈ ಹಾಕೋ, ಮದುಮಗನ ಹಾಗೆ ಕೂತಿದ್ದೀಯಲ್ಲ! ಒಳಗಿನ ಕನ್ನಡಿಯಲ್ಲಿ ಅಪ್ಪನ ನೆತ್ತಿ, ಹಿಂದಿನ ಗಾಜಿಗೆ ಒತ್ತಿದ ಎರಡು ಅಂಗೈ, ಒತ್ತಿದ್ದಕ್ಕೆ ರಕ್ತ ಸರಿದು ಬೆಳ್ಳಗಾದ ಎರಡು ಅಂಗೈ. ಹಸಿರು ಬಿತ್ತು. ಹಿಂದಿನ ಗಾಡಿಗಳು ಒಟ್ಟಿಗೇ ಹಾರ್ನ್ ಹೊಡೆದವು, ಇಳಿದು ಹೋಗಬೇಕಿತ್ತು, ಅಪ್ಪನ ಭುಜ ಹಿಡಿದು ಕರೆತರಬೇಕಿತ್ತು, ಆದರೆ ಅಪ್ಪ ಈಗ ಅಂದ — ಈಗ ಬಿಡೋ — ಅಪ್ಪ ಹೇಳಿದ ಮೇಲೆ ಬಿಡಬೇಕು, ಕಾಲಿಗೆ ಗೊತ್ತಿದ್ದದ್ದು ಅಷ್ಟೇ, ಇಲ್ಲದ ಕ್ಲಚ್ಚನ್ನು ಎಡಗಾಲು ಬಿಟ್ಟಿತು, ಬಲಗಾಲು ಒಂಚೂರು ಒತ್ತಿತು, ಕಾರು ಸದ್ದಿಲ್ಲದೆ ಜಾರಿ ಮುಂದೆ ಹೋಯಿತು. ಕೈಯಡಿಯಿಂದ. ಅಪ್ಪ ಬೀಳಲಿಲ್ಲ. ಗಾಜು ಹೋದ ಮೇಲೂ ಅಂಗೈಗಳನ್ನು ಹಾಗೇ ಎತ್ತಿ ಹಿಡಿದು, ತಲೆ ಒಂದು ಕಡೆ ವಾಲಿಸಿ, ರಸ್ತೆಯ ನಡುವೆ ನಿಂತುಕೊಂಡ, ಹತ್ತಿಕೊಳ್ಳುವ ಸದ್ದಿಗೆ ಕಾಯುತ್ತ.

ಟೈ ಓಡಿಹೋಗಿ ಮೊಣಕೈ ಹಿಡಿದು ಕರೆತಂದ, ಪಾಪ, ಒಳ್ಳೆಯ ಹುಡುಗ, ಅಂಕಲ್ ನೀರು ಕುಡೀರಿ ಎಂದ, ಬಾಟಲಿಯ ಮುಚ್ಚಳ ತಾನೇ ತೆಗೆದು ಕೊಟ್ಟ, ತನ್ನನ್ನು ದ್ವೇಷಿಸಲೂ ಬಿಡಲಿಲ್ಲ. ವಾಪಸು ಬರುವಾಗ ಅಪ್ಪ ಹೊರಗೆ ನೋಡುತ್ತ ಮೆಲ್ಲಗೆ, ಹತ್ತಿಕೊಳ್ಳಲಿಲ್ಲ ಅಲ್ವೇನೋ, ನನ್ನ ಕೈಯಲ್ಲಿ ಶಕ್ತಿ ಇಲ್ಲ ಕಣೋ ಮಗನೇ, ಇನ್ನು ನಿಮ್ಮಮ್ಮನಿಗೆ ಏನಂತ ಹೇಳ್ಲಿ ಅಂದ. ಹತ್ತಿಕೊಂಡಿತಪ್ಪ, ನೀನು ತಳ್ಳಿದ್ದಕ್ಕೇ ಹತ್ತಿಕೊಂಡಿದ್ದು, ಎನ್ನಬಹುದಿತ್ತು, ಎಷ್ಟು ಸಣ್ಣ ಸುಳ್ಳು ಅದು, ಅಮ್ಮ ಕಾಯುತ್ತಾಳೆ ಎಂಬುದಕ್ಕಿಂತ ಸಣ್ಣದು. ಈಗ ಗಲ್ಲಿಯಲ್ಲಿ ಫೋನು ಮಿನುಗುತ್ತದೆ, ಟೈನ ಮೆಸೇಜು, ಸಾರ್ ನಾಳೆ ಬೆಳಗ್ಗೆಯೊಳಗೆ ಹೂಂ ಅಂದ್ರೆ ಗಾಡಿ ನಿಮ್ಮದು, ಇಲ್ಲಾಂದ್ರೆ ಬೇರೆಯವರಿಗೆ ಹೋಗುತ್ತೆ, ಅಂಕಲ್ ಹೇಗಿದ್ದಾರೆ? ಅಂಕಲ್ ಹೇಗಿದ್ದಾರೆ. ಅಂಕಲ್ ಇಲ್ಲೇ ಇದ್ದಾರೆ, ನಿದ್ದೆಯ ಅಂಚಿನಲ್ಲಿದ್ದಾರೆ. ಮೇಲೆ ಮಗು ಕೆಮ್ಮಿತು. ಬೇಡವೆಂದರೆ ಊಟಕ್ಕೆ ದಾರಿಯಿಲ್ಲ, ಅಪ್ಪನ ಮಾತ್ರೆಗಳಿಗೆ ದಾರಿಯಿಲ್ಲ, ಅಕ್ಕನೊಬ್ಬಳ ಕಾಲ ಮೇಲೆ ಮೂರು ಹೊಟ್ಟೆ, ಬೇಡವೆಂದರೂ ಮುದುಕಿ ಉಳಿಯುವುದಿಲ್ಲ, ತೂಕದ ಕಲ್ಲನ್ನು ಎಷ್ಟು ಸಲ ಆ ಕಡೆ ಈ ಕಡೆ ಹಾಕಿದರೂ ಅಷ್ಟೇ. ಹೆಬ್ಬೆರಳು ಹೂಂ ಎಂದು ಒತ್ತಿತು, ಹೋಯಿತು, ಅದಕ್ಕೂ ಸದ್ದಿಲ್ಲ. ಆಯಿತಲ್ಲ. ಇನ್ನು ಕಂತು ಹೇಗಾದರೂ ಕಟ್ಟಬಹುದು, ರಾತ್ರಿ ಪಾಳಿಯೂ ಓಡಿಸಬಹುದು, ಮನೆಯೊಡೆಯನ ಕಾಲು ಹಿಡಿದಾದರೂ ವೈರು ಎಳೆಯಬಹುದು, ಬರುವ ತಿಂಗಳು ಬೆಳಕು ಇಳಿಯುವ ಹೊತ್ತಿಗೆ ಅಪ್ಪ ಚಪ್ಪಲಿ ಹುಡುಕಿದಾಗ ಬಾಪ್ಪ ಎಂದು ಬಿಳಿ ಗಾಡಿಯಲ್ಲಿ ಕೂರಿಸಿ, ಕೂರಿಸಿ — ಅಲ್ಲಿಂದ ಮುಂದಕ್ಕೆ ಯೋಚನೆ ಹೋಗುವುದಿಲ್ಲ, ಇನ್ನೊಮ್ಮೆ ಮೊದಲಿನಿಂದ, ಡೀಸೆಲ್ ಬೇಡ, ಆಯಿಲ್ ಬೇಡ, ಮೊಣಕಾಲಿಗೆ ನೋವಿಲ್ಲ, ಮಗು ಕೆಮ್ಮುವುದಿಲ್ಲ, ಗಲ್ಲಿ ತಣ್ಣಗಿರುತ್ತದೆ, ಬಾಪ್ಪ, ಕೂತ್ಕೋ, ಎಂದು ಕೂರಿಸಿ ಪೆಡಲು ಮುಟ್ಟಿದರೆ — ಕನ್ನಡಿಯಲ್ಲಿ ಎರಡು ಅಂಗೈ, ಗಾಜಿಲ್ಲ, ಕಾರಿಲ್ಲ, ಮುಂದೆ ಏನೂ ಇಲ್ಲ, ಬೆಳ್ಳಗೆ, ಎತ್ತಿ ಹಿಡಿದ ಎರಡು ಅಂಗೈ.