ಐತಾಳರು ಹೊರಗಿದ್ದರೆ ಗೆಲುವು

ನಾಸಿಕದ ಕುಸುಮ್ ಹ್ಯಾಂಡ್‌ಬಾಲ್ ಕ್ಲಬ್ಬನ್ನು ಕಟ್ಟಿದವರು ಸದಾನಂದ ಐತಾಳರು. ಆ ಕ್ಲಬ್ಬು ಗೆದ್ದ ಒಂದೇ ಒಂದು ಪಂದ್ಯವನ್ನೂ ಕಣ್ಣಾರೆ ನೋಡದವರೂ ಅವರೇ. ಸೋತದ್ದನ್ನು ಮಾತ್ರ ಹೊಟ್ಟೆ ತುಂಬ ನೋಡಿದ್ದರು.

ಕೋಟದ ಕಡೆಯಿಂದ ಬಂದು ದ್ವಾರಕಾ ಸರ್ಕಲ್ಲಿನ ಹತ್ತಿರ ಹೋಟೆಲಿಟ್ಟ ಈ ಮನುಷ್ಯನಿಗೆ ಆಟದ ಹುಚ್ಚು ಹತ್ತಿದ್ದು ಸಾಂಬಾರಿನ ದೆಸೆಯಿಂದ. ಹೋಟೆಲಿನ ಹಿಂದಿನ ಬಯಲಲ್ಲಿ ನಾಲ್ಕಾರು ಕಾಲೇಜು ಹುಡುಗಿಯರು ಗೋಡೆಗೆ ಚೆಂಡೆಸೆದು ಆಡುತ್ತಿದ್ದರು. ಒಂದು ದಿನ ಆ ಚೆಂಡು ಅಡಿಗೆಮನೆಯ ಕಿಟಕಿಯಿಂದ ನುಗ್ಗಿ ಕುದಿಯುವ ಹಂಡೆಗೆ ಬಿತ್ತು. ಐತಾಳರು ಸೌಟು ಹಿಡಿದೇ ಹೊರಗೆ ಬಂದರು. ಎದುರಿಗೆ ನಿಂತವಳು ಜ್ಯೋತ್ಸ್ನಾ, ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ದುಡಿಯುವ ಧಾರವಾಡದ ಟೆಕ್ನಿಷಿಯನ್ ಒಬ್ಬರ ಮಗಳು. ಗುರಿ ತಪ್ಪಿತೇ ಎಂದು ಗದರಿದರೆ, ತಪ್ಪಿಲ್ಲ, ಕಿಟಕಿಗೇ ಹೊಡೆದೆ, ಗೆಳತಿಯ ಜೊತೆ ಪಂಥ ಕಟ್ಟಿದ್ದೆ ಎಂದಳು. ಐತಾಳರಿಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಹೊಡೆ ಎಂದರು. ಅವಳು ಹೊಡೆದಳು. ಹಂಡೆಗೆ ಮುಚ್ಚಳ ಹಾಕಲು ಮರೆತದ್ದು ಐತಾಳರದೇ ತಪ್ಪು, ಆದ್ದರಿಂದ ಬೈಯಲೂ ಆಗಲಿಲ್ಲ.

ಹಾಗೆ ಶುರುವಾಯಿತು. ಬಯಲಿಗೆ ಗೋಲುಕಂಬ ಬಂತು, ಹುಡುಗಿಯರಿಗೆ ಜೆರ್ಸಿ ಬಂತು, ಹೆಂಡತಿಯ ಹೆಸರು ಹೊತ್ತ ಹೋಟೆಲಿನ ಹೆಸರೇ ಕ್ಲಬ್ಬಿಗೂ ಬಂತು. ಎದುರಾಳಿಗಳು ‘ಇಡ್ಲಿ ಕ್ಲಬ್’ ಎಂದು ಹಂಗಿಸಿದರು. ಮೊದಲ ಟೂರ್ನಿ ಸಟಾಣಾದಲ್ಲಿ. ಐತಾಳರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು, ಹುಡುಗಿಯರು ಮಣ್ಣು ಮುಕ್ಕಿದರು. ಎರಡನೆಯದು ದಿಂಡೋರಿಯಲ್ಲಿ. ಅಲ್ಲೂ ಸೋಲು ಗಟ್ಟಿ ಎನ್ನುವಾಗ ಹೋಟೆಲಿನಿಂದ ಫೋನು ಬಂತು, ಗ್ರೈಂಡರ್ ಕೆಟ್ಟಿದೆಯಂತೆ. ಐತಾಳರು ಹೊರಗೆ ಹೋಗಿ ಫೋನಿನಲ್ಲೇ ಮೆಕ್ಯಾನಿಕ್ಕನ ಜೊತೆ ಜಗಳವಾಡಿ ತಿರುಗಿ ಬರುವಷ್ಟರಲ್ಲಿ ಪಂದ್ಯ ಗೆದ್ದಾಗಿತ್ತು.

“ಕಾಕಾ, ನೀವು ಹೊರಗಿದ್ರ ನಾವು ಗೆಲ್ತೀವಿ ನೋಡ್ರಿ” ಎಂದು ಜ್ಯೋತ್ಸ್ನಾ ನಕ್ಕಳು.

ಅವಳು ತಮಾಷೆಗೆ ಹೇಳಿದ್ದು. ಆದರೆ ಮುಂದಿನ ಪಂದ್ಯದಲ್ಲಿ ಐತಾಳರು ಒಳಗೆ ಕೂತರು, ತಂಡ ಸೋತಿತು. ಅದರ ಮುಂದಿನದಕ್ಕೆ ಹೊರಗೆ ಕೂತರು, ಗೆದ್ದಿತು. ಹೋಟೆಲಿನವರಿಗೆ ಇಷ್ಟು ಸಾಕು. ಮಂಗಳವಾರ ಹೊಸ ಒಲೆ ಹಚ್ಚದ ಮನುಷ್ಯ ಇಂಥದ್ದನ್ನು ಬಿಟ್ಟಾರೆಯೇ? ತಾವಾಗಿಯೇ ಕಾನೂನು ಮಾಡಿಕೊಂಡು ಬಿಟ್ಟರು. ಪಂದ್ಯ ಶುರುವಾಗುವ ಮೊದಲು ಎಲ್ಲರ ತಲೆ ಸವರಿ, ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಾಗಿಲಾಚೆ ಹೋಗಿ ಕೂರುವುದು.

ಕ್ಲಬ್ಬು ಬೆಳೆಯಿತು. ಜಿಲ್ಲೆ ಗೆದ್ದಿತು, ವಿಭಾಗ ಗೆದ್ದಿತು. ಬಿಡಕಿನ್‌ನ ಹೊಸ ಕಾರ್ಖಾನೆಯೊಂದು ಪ್ರಾಯೋಜಕತ್ವ ವಹಿಸಿಕೊಂಡ ಮೇಲೆ ಹುಡುಗಿಯರಿಗೆ ತಿಂಗಳ ಸಂಬಳವಾಯಿತು, ಪರ ಊರಿನಿಂದ ಕೋಚ್ ಬಂದರು, ಲೀಗಿನಲ್ಲಿ ಎರಡು ಸಲ ಕಪ್ಪು ಬಂತು. ಇಡ್ಲಿ ಕ್ಲಬ್ ಎಂದು ನಗುತ್ತಿದ್ದವರೇ ಬಂದು ಇಡ್ಲಿ ತಿಂದು, ನಮ್ಮ ಹುಡುಗಿಗೊಂದು ಜಾಗ ಸಿಕ್ಕೀತೇ ಎಂದು ಕೇಳತೊಡಗಿದರು. ಐತಾಳರು ಮಾತ್ರ ಹೊರಗೇ ಇದ್ದರು. ಗೋಡೆಯಾಚೆಯ ಕೂಗಿನಲ್ಲೇ ಗೋಲು ಯಾವುದು, ಕಂಬಕ್ಕೆ ಬಡಿದದ್ದು ಯಾವುದು ಎಂದು ಹೇಳುವಷ್ಟು ಕಿವಿ ಪಳಗಿತ್ತು. ಉಳಿದದ್ದಕ್ಕೆ ಹೆಂಡತಿ ಕುಸುಮಾವತಿಯನ್ನು ನಂಬಬೇಕು. ಆಕೆಯೋ ಒಳಗೆ ಕೂತು ಎಲ್ಲವನ್ನೂ ನೋಡಿ, ಮನೆಗೆ ಬಂದು ಎದುರಾಳಿ ತಂಡದ ಹುಡುಗಿ ಜಡೆ ಹೆಣೆದುಕೊಂಡ ಬಗೆಯನ್ನು ವರ್ಣಿಸುವವರು.

ಈ ಸಲದ ಫೈನಲ್ ಛತ್ರಪತಿ ಸಂಭಾಜಿನಗರದಲ್ಲಿ. ಅದು ಜ್ಯೋತ್ಸ್ನಾಳ ಕೊನೆಯ ಪಂದ್ಯ. ಮಂಡಿ ಇನ್ನು ತಡೆಯುವುದಿಲ್ಲವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಐತಾಳರಿಗೆ ಸಂಕಟ ಹತ್ತಿದ್ದು ಅಲ್ಲಿಂದ. ಕಿಟಕಿಗೆ ಗುರಿಯಿಟ್ಟು ಹೊಡೆದ ಹುಡುಗಿ ಕಪ್ಪು ಗೆಲ್ಲುವುದನ್ನು ಒಮ್ಮೆಯಾದರೂ ನೋಡಬೇಕಿತ್ತು. ಈ ಪಂದ್ಯ ಬಿಟ್ಟರೆ ಇನ್ನು ಆ ಅವಕಾಶವಿಲ್ಲ. ನಿಫಾಡ ದಾಟುವಾಗ ಈ ಸಲ ಒಳಗೆ ಬರಲೇ ಎಂದು ಕೇಳಬೇಕೆಂದುಕೊಂಡರು, ಯೇವಲಾದಲ್ಲಿ ಬಸ್ಸು ನಿಂತಾಗ ಅವಳ ಸೀಟಿನವರೆಗೂ ಹೋದರು. ತಾನು ಬಂದು ಸೋತರೆ? ಅವಳ ಕೊನೆಯ ಪಂದ್ಯವನ್ನು ತಾನೇ ಹಾಳು ಮಾಡಿದಂತಾಗುತ್ತದೆ. ಮಂಡಿಗೆ ಎಣ್ಣೆ ಹಚ್ಚಿದೆಯಾ ಎಂದಷ್ಟೇ ಕೇಳಿ ವಾಪಸು ಬಂದು ಕೂತರು.

ಪಂದ್ಯ ಶುರುವಾಯಿತು. ಐತಾಳರು ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಗೋಡೆಗೆ ಕಿವಿ ಕೊಟ್ಟರು. ಮೊದಲರ್ಧ ಸಮಸಮ. ಎರಡನೆಯ ಅರ್ಧದಲ್ಲಿ ನಮ್ಮವರ ಕೂಗು ಜೋರಾಯಿತು, ಒಂದು ಗೋಲು ಮುಂದಿದ್ದಾರೆಂದು ಗೊತ್ತಾಯಿತು. ಆಮೇಲೆ ಉದ್ದನೆಯ ಸೀಟಿ, ಹಿಂದೆಯೇ ಗದ್ದಲ. ಇದೇನೆಂದು ಅವರ ಕಿವಿಗೂ ಬಗೆಹರಿಯಲಿಲ್ಲ.

ಬಾಗಿಲು ತೆರೆದು ಜ್ಯೋತ್ಸ್ನಾ ಹೊರಗೆ ಬಂದಳು. ಎದುರಾಳಿಯನ್ನು ತಡೆಯಲು ಹೋಗಿ ಮೂರನೆಯ ಸಲ ತಪ್ಪು ಮಾಡಿದ್ದಳು. ಎರಡೆರಡು ನಿಮಿಷ ಹೊರಗೆ ಕೂರಿಸುವ ಶಿಕ್ಷೆ ಮೂರು ಸಲವಾದರೆ ಕೆಂಪು ಕಾರ್ಡು. ಮತ್ತೆ ಅಂಗಳಕ್ಕೆ ಇಳಿಯುವಂತಿಲ್ಲ, ತಂಡದ ಬೆಂಚಿನಲ್ಲೂ ಕೂರುವಂತಿಲ್ಲ. ಅವಳ ಕೊನೆಯ ಪಂದ್ಯ ಹಾಗೆ ಮುಗಿದಿತ್ತು. ಐತಾಳರು ಕುರ್ಚಿ ಬಿಟ್ಟುಕೊಟ್ಟರು. ಅವಳು ನೆಲದ ಮೇಲೆಯೇ ಕುಸಿದು ಕೂತಳು.

ಒಳಗೆ ಕೂಗು ಎದ್ದಿತು. ಅವಳು ಏನಾಯ್ತು ಎಂದಳು. ನಮ್ಮ ಹೊಡೆತ ಕಂಬಕ್ಕೆ ಬಡಿಯಿತು ಎಂದರು ಐತಾಳರು. ಮತ್ತೆ ಕೂಗು. ಈಗ? ಅವರದ್ದು ತಪ್ಪಿತು. ಅವಳು ಎದ್ದಳು, ಕೂತಳು, ಬಾಗಿಲ ಸಂದಿಯಲ್ಲಿ ಇಣುಕಿದಳು. ಒಬ್ಬ ದಪ್ಪ ಮನುಷ್ಯನ ಬೆನ್ನು ಬಿಟ್ಟರೆ ಏನೂ ಕಾಣಿಸಲಿಲ್ಲ. ಉಗುರು ಕಚ್ಚುತ್ತ ಅವಳು ಐತಾಳರ ಕಡೆ ತಿರುಗಿದಳು. ಗೋಡೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ತುಟಿ ಕುಣಿಸುತ್ತ ಕೂತಿದ್ದ ಮುದುಕನನ್ನು ಅವಳು ಹೀಗೆ ನೋಡಿದ್ದು ಅದೇ ಮೊದಲು.

“ಇಷ್ಟ್ ವರ್ಷ ಹಿಂಗ ಕೂತೀರೇನ್ರಿ ಕಾಕಾ?” ಎಂದಳು. “ಐದು ಮಿನಿಟ್ ಆಗಿಲ್ಲ, ನನಗ ಜೀವಾನೇ ಹೋಗಾಕತ್ತೈತಿ. ಏಳ್ರಿ. ಚಲಾ, ಒಳಗ ಹೋಗೂಣು.”

“ನಾ ಬಪ್ಪುದಿಲ್ಲ ಮಾರಾಯ್ತಿ. ಸೋತ್ರೆ ಎಂತ ಮಾಡುದು?”

“ಸೋತ್ರ ನನ್ನ ಕೆಂಪು ಕಾರ್ಡಿಂದ ಸೋತ್ವಿ. ನಿಮ್ದೇನೈತಿ ಅದ್ರಾಗ?”

ಅವಳು ಕೈ ಹಿಡಿದು ಎಳೆದಳು. ಐತಾಳರು ಕುರ್ಚಿಯನ್ನೂ ಹಿಡಿದುಕೊಂಡೇ ಹೊರಟದ್ದರಿಂದ ಅದನ್ನು ಬಿಡಿಸಬೇಕಾಯಿತು. ಇಬ್ಬರೂ ಮೆಟ್ಟಿಲು ಹತ್ತಿ ಪ್ರೇಕ್ಷಕರ ಗ್ಯಾಲರಿಯ ಕೊನೆಯ ಸಾಲಿನಲ್ಲಿ ನಿಂತಾಗ ಪಂದ್ಯ ಮುಗಿಯುವ ಗಂಟೆ ಬಾರಿಸಿತು. ನಮ್ಮದು ಇನ್ನೂ ಒಂದು ಗೋಲು ಮುಂದಿತ್ತು. ಆದರೆ ಗಂಟೆಗೆ ಸ್ವಲ್ಪ ಮೊದಲು ನಮ್ಮ ಹುಡುಗಿಯೊಬ್ಬಳು ಎದುರಾಳಿಯನ್ನು ತಳ್ಳಿದ್ದಳು, ಅವರಿಗೊಂದು ಏಳು ಮೀಟರಿನ ಪೆನಾಲ್ಟಿ ಎಸೆತ ಬಾಕಿಯಿತ್ತು. ಗಂಟೆಯಾದರೂ ಅದನ್ನು ಎಸೆಯಬಹುದು, ಗೋಲಾದರೆ ಪಂದ್ಯ ಸಮಸಮ. ಗೋಲಿನ ಮುಂದೆ ನಮ್ಮ ಗೋಲ್‌ಕೀಪರ್ ಮೃಣಾಲಿನಿ ಒಬ್ಬಳೇ. ಸಟಾಣಾದ ದಾಳಿಂಬೆ ತೋಟದ ಹುಡುಗಿ, ತೆಳ್ಳಗೆ ಉದ್ದ.

ನಾನು ಬಂದೆ, ಕೆಟ್ಟಿತು ಎಂದು ಐತಾಳರು ತಿರುಗಿದರು. ಜ್ಯೋತ್ಸ್ನಾ ಅವರ ಅಂಗಿಯ ತೋಳು ಬಿಡಲಿಲ್ಲ.

ಆಗ ಇಡೀ ಗ್ಯಾಲರಿ ಉಸಿರು ಬಿಗಿಹಿಡಿಯಿತು. ಹೊರಗೆ ಕೂತವರಿಗೆ ಕೂಗು ಕೇಳುತ್ತದೆ, ಕೂಗಿನ ಮೊದಲಿನ ಈ ನಿಶ್ಶಬ್ದ ಕೇಳುವುದಿಲ್ಲ. ಇಂಥದ್ದೊಂದು ಇದೆಯೆಂದೇ ಐತಾಳರಿಗೆ ಗೊತ್ತಿರಲಿಲ್ಲ. ಎದುರಾಳಿ ಕೈ ಎತ್ತಿದಳು. ಮೃಣಾಲಿನಿಯ ಕಾಲೊಂದು ಎಲ್ಲಿಂದಲೋ ಚಾಚಿ ಬಂತು. ಚೆಂಡು ಅದಕ್ಕೆ ಬಡಿದು ಆಚೆ ಹಾರಿತು.

ಕಟ್ಟಡವೇ ಎದ್ದು ನಿಂತಿತು. ಕುಸುಮಾವತಿ ಎಲ್ಲೋ ಕೆಳಗಿನ ಸಾಲಿನಲ್ಲಿ ಯಾರನ್ನೋ ತಬ್ಬಿಕೊಂಡು ಅಳುತ್ತಿದ್ದರು. ಐತಾಳರು ಕಣ್ಣು ಮಿಟುಕಿಸದೆ ಅಂಗಳವನ್ನೇ ನೋಡುತ್ತಿದ್ದರು. ಹುಡುಗಿಯರು ಈಗ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ, ಕುಣಿಯುತ್ತಾರೆ ಎಂದುಕೊಂಡಿದ್ದರು. ಯಾರೂ ಅಪ್ಪಿಕೊಳ್ಳಲಿಲ್ಲ. ಕಪ್ಪಿನ ಮೇಜಿನ ಕಡೆ ತಿರುಗಿಯೂ ನೋಡಲಿಲ್ಲ. ಮೃಣಾಲಿನಿ ಚೆಂಡನ್ನು ಬಾಚಿಕೊಂಡು ಬಾಗಿಲಿನ ಕಡೆ ಓಡಿದಳು. ಉಳಿದವರೆಲ್ಲ ಅವಳ ಹಿಂದೆ, ಒಬ್ಬರನ್ನೊಬ್ಬರು ತಳ್ಳಿಕೊಂಡು, ನಾ ಮುಂದೆ ತಾ ಮುಂದೆ ಎಂದು ಕಾರಿಡಾರಿಗೆ ನುಗ್ಗತೊಡಗಿದರು.

ಯಾಕೆ ಓಡುತ್ತಿದ್ದಾರೆ ಎಂದು ತಿಳಿಯಲು ಐತಾಳರಿಗೆ ಒಂದು ಕ್ಷಣ ಹಿಡಿಯಿತು. ಗೆದ್ದಾಗಲೆಲ್ಲ ಹೊರಗೆ ಬಂದು ಸುದ್ದಿ ಹೇಳುವ ಹುಡುಗಿಯರ ಏದುಸಿರನ್ನು ಅವರು ಇಷ್ಟು ವರ್ಷ ಆಟದ ಸುಸ್ತು ಅಂದುಕೊಂಡಿದ್ದರು.

ಕಂಬಿ ಹಿಡಿದು ಬಗ್ಗಿ, ಗಂಟಲು ಬಿರಿಯುವಂತೆ ಕೂಗಿದರು. “ಇಲ್ಲಿದ್ದೆ ಮಕ್ಳೆ, ಇಲ್ಲಿದ್ದೆ. ನಾ ನೋಡ್ದೆ.”