ವಿಭೂತಿ ಹಚ್ಚಿದ ಡಯೋಡ್

ಸ್ವಿಚ್ ಒತ್ತಿದರೂ ಪಂಪು ಉಸಿರೆತ್ತಲಿಲ್ಲ.

"ಕಾಯ್ ಝಾಲಂ, ಏನಾತು ತ್ರಿವೇಣಿ? ಮಲಕ್ಕೊಂಡದೇನು?"

ಬಸವಣ್ಣೆಪ್ಪ ನಿಲಂಗಾ ಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ರಿಪೇರಿ ದುಕಾನಿನ ಕಟ್ಟೆಯ ಮೇಲೆ ಕೂತು ಸೊಸೆಯ ಕೈಯನ್ನೇ ನೋಡುತ್ತಿದ್ದರು. ಬೆಳೆಗೆ ಔಷಧ ಹೊಡೆಯುವ ಬ್ಯಾಟರಿ ಪಂಪನ್ನು ಊರಿಂದ ತಾವೇ ಹೊತ್ತು ತಂದಿದ್ದರು. ಮನೆಯ ಸೊಸೆ ಇಂಥ ದುಕಾನಿನಲ್ಲಿ ಕೂತು ಕೆಲಸ ಮಾಡುವುದು ಅವರಿಗೆ ಸೇರದು. "ಇದು ನಡೀತಂದ್ರ ನಾಳಿನೂ ಹೋಗು. ಇಲ್ಲಂದ್ರ ಮನ್ಯಾಗ ಇರು," ಎಂದು ಬಸ್ಸಿನಲ್ಲೇ ಹೇಳಿದ್ದರು. ಮಾಲಕ ದಿಗಂಬರ ಸಾಮಾನು ತರಲು ಉದಗೀರಕ್ಕೆ ಹೋಗಿದ್ದ. ಕೇಳೋಣವೆಂದರೆ ಫೋನು ಎತ್ತುತ್ತಿಲ್ಲ.

ತ್ರಿವೇಣಿ ಬ್ಯಾಟರಿ ನೋಡಿದಳು, ಸರಿಯಿತ್ತು. ಮೋಟಾರಿಗೆ ನೇರ ತಂತಿ ಮುಟ್ಟಿಸಿದರೆ ಗಿರ್ರೆಂದಿತು. ಉಳಿದದ್ದು ನಡುವಿನ ಡಯೋಡು. ಯಾರಾದರೂ ಬ್ಯಾಟರಿಗೆ ತಂತಿ ಉಲ್ಟಾ ಹಚ್ಚಿದರೆ ಮೋಟಾರು ಕೆಡಬಾರದೆಂದು ದಿಗಂಬರ ಎಲ್ಲ ಪಂಪಿಗೂ ಒಂದು ಹಾಕುತ್ತಿದ್ದ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಎದುರಿಂದ ಬಂದರೆ ತಡೆಯುತ್ತದೆ. ಕಡಲೆಕಾಳಿನಷ್ಟು ಕರಿ ಮೈ, ಒಂದು ತುದಿಗೆ ಬಿಳಿ ಪಟ್ಟಿ. ಹಳೆಯದರ ಕಾಲು ಮುರಿದಿತ್ತೆಂದು ಹೊಸದನ್ನು ಇವತ್ತು ಅವಳೇ ಮೊದಲ ಸಲ ಬೆಸೆದಿದ್ದಳು.

"ವಿಭೂತಿ ಬ್ಯಾಟರಿ ಕಡಿಗೇ ಇಟ್ಟೀನಿ, ಮಾವಾರೀ. ಬರೋಬರ್ ಅದ."

"ವಿಭೂತಿ? ಅದಕ್ಕೂ ದೀಕ್ಷಾ ಆಗ್ಯಾದೇನು?"

"ಈ ಬಿಳಿ ಪಟ್ಟಿರೀ. ಕರೆಂಟ್ ಕೊಡೋದು ಬ್ಯಾಟರಿ. ದೊಡ್ಡವರ ಕಡಿ ಮಾರಿ ಮಾಡಿ ನಿಂದ್ರಬೇಕಲ್ರೀ?"

"ಕರೆಂಟ್ ಹೋಗೋದು ಎಲ್ಲಿಗಿ?"

"ಮೋಟಾರಿಗಿ."

ಬಸವಣ್ಣೆಪ್ಪ ಗೊಳ್ಳೆಂದು ನಕ್ಕರು. "ಹಂಗಾದ್ರ ಬೆನ್ನು ಮುಂದ ಮಾಡಿ ನಡೀಬೇಕೇನು ಅದು? ಮಾರಿ ಹೋಗೋ ಕಡಿ ಇರತದವ್ವಾ, ಹುಚ್ಚಿ!"

ತ್ರಿವೇಣಿ ನಗಲಿಲ್ಲ. ಒಂದು ಗಳಿಗೆ ಅವರ ಹಣೆಯ ವಿಭೂತಿಯನ್ನೂ ಡಯೋಡಿನ ಪಟ್ಟಿಯನ್ನೂ ನೋಡಿದಳು. ಬೆಸುಗೆ ಬಿಚ್ಚಿ, ಪಟ್ಟಿಯನ್ನು ಮೋಟಾರಿನ ಕಡೆ ತಿರುಗಿಸಿ ಮತ್ತೆ ಬೆಸೆದಳು. ಟ್ಯಾಂಕಿಗೆ ನೀರು ಹೊಯ್ದು ಸ್ವಿಚ್ ಒತ್ತಿದಳು. ನಳಿಕೆಯಿಂದ ನೀರು ಹೊಗೆಯ ಹಾಗೆ ಚಿಮ್ಮಿ ಮಾವನ ಮೊಣಕಾಲು ತೋಯಿಸಿತು.

ಬಸವಣ್ಣೆಪ್ಪ ಎದ್ದರು. ಪಂಪನ್ನು ಬೆನ್ನಿಗೇರಿಸಿಕೊಂಡರು.

"ಇದರ ವಾಶರ್ ಸೋರ್ತದ. ನಾಳಿ ದುಕಾನಿಂದ ಮನಿಗಿ ಬರುವಾಗ ಒಂದು ತೊಗೊಂಡು ಬಾ."

ಕಟ್ಟೆ ಇಳಿದು ಹೊರಟರು. ಪಂಪಿನ ಸ್ವಿಚ್ಚು ಆರಿಸಿರಲಿಲ್ಲ, ನಳಿಕೆ ಇನ್ನೂ ಚಿಮ್ಮುತ್ತಿತ್ತು. ಅವರ ಹಿಂದೆ ಧೂಳಿನ ಮೇಲೆ ಒದ್ದೆ ಗೆರೆಯೊಂದು ಬಸ್ ಸ್ಟ್ಯಾಂಡಿನ ಕಡೆಗೆ ಉದ್ದವಾಗುತ್ತ ಹೋಯಿತು.